ಮುಚ್ಚಿದವರನ್ನು ಕರೆಯಿರಿ

ನಮ್ಮ ಊರಿನಲ್ಲಿ ಬೀಗದ ಅಂಗಡಿ ಇಲ್ಲ. ಇಲ್ಲಿ ಒಬ್ಬರು ಮುಚ್ಚಿದ್ದನ್ನು ಅವರೇ ತೆರೆಯಬೇಕು. ಬಾಗಿಲಾಗಲಿ, ಉಪ್ಪಿನಕಾಯಿಯ ಭರಣಿಯಾಗಲಿ, ಗೋಣಿಚೀಲದ ಬಾಯಿಯಾಗಲಿ, ಬೇರೆಯವರ ಕೈಗೆ ಅದು ತೆರೆದುಕೊಳ್ಳುವುದಿಲ್ಲ. ಊರಾಚೆಯ ಗಡಿಗಲ್ಲು ದಾಟಿದರೆ ಎಲ್ಲ ಮಾಮೂಲು. ಗಡಿಗಲ್ಲಿನಿಂದ ಈಚೆಗೆ ಹೀಗೆ. ನಾನು ಇಪ್ಪತ್ತಾರು ವರ್ಷಗಳಿಂದ ಇಲ್ಲಿನ ವಾರಪತ್ರಿಕೆಯಲ್ಲಿದ್ದೇನೆ; ಮೊದಲ ಹದಿನೇಳು ವರ್ಷ ವರದಿಗಾರ, ಆಮೇಲೆ ಸಂಪಾದಕ. ಹೀಗೇಕೆ ಎಂದು ಕೇಳಿ ಬಂದ ಓದುಗರ ಪತ್ರ ಈವರೆಗೆ ಒಂದೂ ಇಲ್ಲ. ಹೀಗಿರುವುದರಿಂದ ತಮಗಾದ ತೊಂದರೆ ಹೇಳಿಕೊಂಡು ಬಂದ ಪತ್ರಗಳು ಒಂದು ಕಪಾಟಿನ ತುಂಬ ಇವೆ.

ಜನ ಹೊಂದಿಕೊಂಡಿದ್ದಾರೆ. ಮನೆಯ ಹೊರಬಾಗಿಲನ್ನು ಯಾರೂ ಒಬ್ಬರೇ ಮುಚ್ಚುವುದಿಲ್ಲ. ಮನೆಮಂದಿಯೆಲ್ಲ ಬಂದು ಕೈ ಹಚ್ಚುತ್ತಾರೆ. ಹಾಗೆ ಮುಚ್ಚಿದ್ದನ್ನು ಕೈ ಹಚ್ಚಿದವರಲ್ಲಿ ಯಾರು ಬೇಕಾದರೂ ತೆರೆಯಬಹುದು. ಹೊಸ ಸೊಸೆ ಬಂದ ಮನೆಯಲ್ಲಿ ಅತ್ತೆ ಬೆಲ್ಲದ ಡಬ್ಬಿ ಮುಚ್ಚುವಾಗ ಸೊಸೆಯ ಕೈಯನ್ನೂ ಹಚ್ಚಿಸಿಕೊಂಡಳೋ ಇಲ್ಲವೋ ಎಂಬುದು ತವರಿನವರು ಮೊದಲು ಕೇಳುವ ಪ್ರಶ್ನೆ. ಪರವೂರಿಗೆ ಹೊರಟವರು ಬಸ್ಸು ಹಿಡಿಯುವ ಮುನ್ನ ಒಳಗೆ ಹೋಗಿ, ತಾವು ಒಬ್ಬರೇ ಮುಚ್ಚಿದ್ದನ್ನೆಲ್ಲ ತೆರೆದಿಟ್ಟು ಬರುತ್ತಾರೆ. ಕಾಯಿಲೆ ಜೋರಾದವರ ಹಾಸಿಗೆಯ ಪಕ್ಕ ಡಬ್ಬಿ, ಪೆಟ್ಟಿಗೆಗಳನ್ನು ತಂದು ಸಾಲಾಗಿ ಇಡುವುದುಂಟು. ಅದನ್ನು ಯಾರೂ ಅಪಶಕುನ ಎನ್ನುವುದಿಲ್ಲ. ಸತ್ತವರ ಬಗ್ಗೆ ನಮ್ಮಲ್ಲಿ ಆಡುವ ಅತಿ ದೊಡ್ಡ ಮಾತು ಇದು: ‘ಎಲ್ಲಾ ತಗದಿಟ್ಟು ಹ್ವಾದ್ರು.’

ಹಾಗೆ ತೆಗೆದಿಡದೆ ಹೋದವರು ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಗದಿಗೆಪ್ಪ ಮಾಸ್ತರರು. ಅವರು ಸತ್ತಿರಲಿಲ್ಲ, ಊರು ಬಿಟ್ಟಿದ್ದರು. ಹನ್ನೊಂದು ವರ್ಷಗಳ ಹಿಂದೆ, ನವೆಂಬರಿನ ಒಂದು ಶನಿವಾರ, ಬೆಳಗಿನ ಶಾಲೆ ಮುಗಿದ ಮೇಲೆ ಮಕ್ಕಳನ್ನು ಮನೆಗೆ ಕಳಿಸಿ, ಎಂಟು ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿ, ಕೊನೆಗೆ ಹೊರಬಾಗಿಲು ಎಳೆದುಕೊಂಡು, ಹನ್ನೆರಡೂವರೆಯ ಬಸ್ಸು ಹತ್ತಿದರು. ಸೋಮವಾರ ಊರಿಗೆ ಊರೇ ಶಾಲೆಯ ಮುಂದೆ ಸಾಲು ನಿಂತು ಒಬ್ಬೊಬ್ಬರಾಗಿ ಬಾಗಿಲಿಗೆ ಕೈ ಹಚ್ಚಿತು. ಮಾಸ್ತರರ ಜೊತೆ ಯಾರಾದರೂ ಗೊತ್ತಿಲ್ಲದೆ ಕೈ ಹಚ್ಚಿರಬಹುದೇನೋ ಎಂಬ ಆಸೆ. ನಾನು ಪಕ್ಕದಲ್ಲಿ ನಿಂತು ಹೆಸರು ಬರೆದುಕೊಳ್ಳುತ್ತಿದ್ದೆ. ಮುನ್ನೂರ ಹನ್ನೆರಡು ಮಂದಿ. ಯಾರ ಕೈಗೂ ತೆರೆಯಲಿಲ್ಲ. ಆಮೇಲೆ ಹೆಂಚು ತೆಗೆದು ಮೇಲಿನಿಂದ ಇಳಿಯೋಣವೆಂದು ನಾಲ್ವರು ಹತ್ತಿದರು. ಒಂದು ಹೆಂಚು ತೆಗೆದರೆ ಕೆಳಗೆ ಇನ್ನೊಂದು ಹೆಂಚು ಇತ್ತು. ಅದನ್ನು ತೆಗೆದರೆ ಮತ್ತೊಂದು. ಮೂರು ದಿನ ತೆಗೆದರು. ಹೀಗೆ ಸಿಕ್ಕ ಎರಡು ಸಾವಿರದ ನೂರ ನಲವತ್ತು ಹೆಂಚುಗಳನ್ನು ಸಂತೆಕಟ್ಟೆಯ ಮೇಲೆ ಹೊದಿಸಿದರು. ಅಂದಿನಿಂದ ಶಾಲೆ ಅಲ್ಲೇ ನಡೆಯುತ್ತಿತ್ತು. ಸಂತೆಯ ದಿನ ಮಂಗಳವಾರ ರಜೆ.

ಮಾಸ್ತರರು ಯಾಕೆ ಹೋದರು ಎಂಬುದು ಊರಿಗೆಲ್ಲ ಗೊತ್ತಿತ್ತು, ಏಕೆಂದರೆ ಅದು ನಮ್ಮ ಪತ್ರಿಕೆಯಲ್ಲೇ ಬಂದಿತ್ತು. ಆ ವಾರದ ಮಂಗಳವಾರ ಶಾಲೆಯ ಒಳಗೆ ಹೆಂಚೊಂದು ಜಾರಿ ಬಿದ್ದು ಎರಡನೇ ಇಯತ್ತೆಯಲ್ಲಿ ಓದುತ್ತಿದ್ದ ಸಾವಂತ್ರಿ ಎಂಬ ಹುಡುಗಿಯ ಹಣೆ ಒಡೆದಿತ್ತು. ನಾನು ಹೋಗಿ ನೋಡಿ ಬರೆದೆ. ಶುಕ್ರವಾರದ ಸಂಚಿಕೆಯ ಮೊದಲ ಪುಟದಲ್ಲಿ ಬಂದ ವರದಿಯ ಕೊನೆಯ ವಾಕ್ಯ ಹೀಗಿತ್ತು: ‘ಈ ಹೊತ್ತಿನಲ್ಲಿ ಮುಖ್ಯೋಪಾಧ್ಯಾಯರು ಶಾಲೆಯಲ್ಲಿ ಇರಲಿಲ್ಲ.’ ಶನಿವಾರ ಮಾಸ್ತರರು ಬಾಗಿಲು ಮುಚ್ಚಿದರು.

ಅವರನ್ನು ಕರೆಯಲು ಹೋದವರು ಕಡಿಮೆಯಲ್ಲ. ಪಂಚಾಯಿತಿಯವರು ಶಾಲು, ತೆಂಗಿನಕಾಯಿ ಹಿಡಿದು ಹೋದರು. ಮಹಿಳಾ ಮಂಡಳದವರು ಹೋದರು. ಹಳೆಯ ವಿದ್ಯಾರ್ಥಿಗಳು ಒಂದು ಟ್ರ್ಯಾಕ್ಸ್ ಗಾಡಿಯ ತುಂಬ ಹೋದರು. ಮಾಸ್ತರರು ಎಲ್ಲರಿಗೂ ಚಹಾ ಕುಡಿಸಿ ಒಂದೇ ಮಾತು ಹೇಳಿ ಕಳಿಸಿದರು: “ಮುಚ್ಚಿದಾಂವಾ ನಾನಲ್ಲ. ನನ್ನ ಯಾಕ ಕರೀತೀರಿ?” ಬಂದವರು ಇದನ್ನು ಮುದುಕನ ಹಟ ಎಂದುಕೊಂಡರು. ಬಾಗಿಲು ಎಳೆಯುವುದನ್ನು ಎದುರಿನ ಹಿಟ್ಟಿನ ಗಿರಣಿಯವನೇ ಕಣ್ಣಾರೆ ಕಂಡಿದ್ದ. ನಾನು ಆ ಹೇಳಿಕೆಯನ್ನೂ ಪ್ರಕಟಿಸಿದೆ. ಕರೆಯಲು ಮಾತ್ರ ಯಾವತ್ತೂ ಹೋಗಲಿಲ್ಲ.

ಈ ವರ್ಷದ ಜನವರಿಯಲ್ಲಿ ವನಮಾಲಾ ಎಂಬ ಶಿಕ್ಷಕಿ ವರ್ಗವಾಗಿ ಬಂದರು. ದಕ್ಷಿಣದ ಕಡೆಯವರು. ಮೊದಲ ಶುಕ್ರವಾರವೇ ಅವರು ಸುಣ್ಣದಕಡ್ಡಿ, ನಕಾಶೆ, ಹಾಜರಿ ಪುಸ್ತಕಗಳಿದ್ದ ತಗಡಿನ ಪೆಟ್ಟಿಗೆಯನ್ನು ಒಬ್ಬರೇ ಮುಚ್ಚಿ, ತಮ್ಮನ ಮದುವೆಗೆಂದು ಊರಿಗೆ ಹೋದರು. ಬರುವುದು ಗುರುವಾರವಾಯಿತು. ಅಷ್ಟು ದಿನ ಅರವತ್ತನಾಲ್ಕು ಮಕ್ಕಳು ಪೆಟ್ಟಿಗೆಯ ಸುತ್ತ ಕೂತು ಬಾಯಿಪಾಠ ಮಾಡಿದರು.

“ಯಾರಾದ್ರೂ ತೆಗೆದು ತಗೋಬಹುದಿತ್ತಲ್ರೋ. ನಾನು ಬೀಗ ಕೂಡ ಹಾಕಿರ್ಲಿಲ್ಲ” ಎಂದರು ವನಮಾಲಾ.

“ಬೀಗ ಅಂದ್ರ ಏನ್ರೀ ಅಕ್ಕಾರ?” ಎಂದು ಕೇಳಿದವಳು ಜೈತುನ್. ಏಳನೇ ಇಯತ್ತೆ. ಪಾತ್ರೆಗೆ ಕಲಾಯಿ ಹಾಕುವ ಇಮಾಮಸಾಬರ ಮಗಳು.

ಫೆಬ್ರುವರಿಯಲ್ಲಿ ಮೇಲಿನ ಕಚೇರಿಯಿಂದ ಕಾಗದ ಬಂತು. ಕಟ್ಟಡವಿಲ್ಲದ ಶಾಲೆಯನ್ನು ಇನ್ನು ನಡೆಸಲಾಗದು. ಮಾರ್ಚ್ ಮೂವತ್ತೊಂದರೊಳಗೆ ಶಾಲೆ ಸ್ವಂತ ಕಟ್ಟಡದಲ್ಲಿ ನಡೆಯದಿದ್ದರೆ ಮಕ್ಕಳನ್ನು ಹಳ್ಳದಾಚೆಯ ಶಾಲೆಗೆ ಸೇರಿಸಲಾಗುವುದು. ಆ ಶಾಲೆ ಒಂಬತ್ತು ಮೈಲಿ ದೂರ. ಬಸ್ಸು ಬೆಳಿಗ್ಗೆ ಆರಕ್ಕೆ ಹೊರಟು ರಾತ್ರಿ ಎಂಟಕ್ಕೆ ಮರಳುತ್ತದೆ. ಅರವತ್ತನಾಲ್ಕರಲ್ಲಿ ಇಪ್ಪತ್ತೇಳು ಹುಡುಗಿಯರು. ನಾನು ಇಪ್ಪತ್ತೇಳು ಮನೆಗಳಿಗೂ ಹೋಗಿ ಕೇಳಿದೆ. ಕಳಿಸುತ್ತೇವೆ ಎಂದವರು ಇಬ್ಬರು. ಇಮಾಮಸಾಬರು ಕುಲುಮೆಯ ಮುಂದಿನಿಂದ ಏಳದೆಯೇ ಹೇಳಿದರು: “ಓದೂಕಿ ಅದಾಳ್ರಿ, ಖರೆ. ಕತ್ತಲಾಗ ಹೋಗಿ ಕತ್ತಲಾಗ ಬರೂದಂದ್ರ ಹ್ಯಾಂಗ್ರಿ? ನೀವ ಹೇಳ್ರಿ.” ನಾನು ಅದನ್ನೂ ಬರೆದುಕೊಂಡು ಬಂದೆ.

ಮಾರ್ಚ್ ಮೊದಲ ವಾರದಲ್ಲಿ ವನಮಾಲಾ ನಮ್ಮ ಕಚೇರಿಗೆ ಬಂದರು. ಕೈಯಲ್ಲಿ ಒಂದು ನೋಟುಪುಸ್ತಕ. ಮುಂದೆ ಹೇಳುವ ಪಾಠದ ವಿವರ ಅವರು ಹೇಳಿದ್ದು. ಆಮೇಲೆ ಜೈತುನ್‌ಳನ್ನೂ ಕೇಳಿ ಖಚಿತಪಡಿಸಿಕೊಂಡಿದ್ದೇನೆ. ಇಂಗ್ಲಿಷ್ ಪಾಠದಲ್ಲಿ ಅವರು ಹಲಗೆಯ ಮೇಲೆ ‘ಕ್ಲೋಸ್’ ಎಂದು ಬರೆದು, ಇದಕ್ಕೆ ವಿರುದ್ಧವಾದ ಕ್ರಿಯೆ ಯಾವುದು ಎಂದು ಕೇಳಿದರು. ‘ಓಪನ್’ ಎಂಬ ಒಂದು ಮಾತು ಬಂದರೆ ಮುಂದಿನ ಪಾಠಕ್ಕೆ ಹೋಗಬಹುದಿತ್ತು. ಏಳನೇ ಇಯತ್ತೆಯ ಒಂಬತ್ತು ಮಕ್ಕಳಲ್ಲಿ ಒಬ್ಬರೂ ಅದನ್ನು ಹೇಳಲಿಲ್ಲ. ಏನು ಮುಚ್ಚಿದೆ ಎಂದು ಮೊದಲು ಹೇಳಿ ಎಂದರು. ಅಂಗಡಿ ಮುಚ್ಚಿದ್ದರೆ ಅದರ ವಿರುದ್ಧ ವ್ಯಾಪಾರ ಮಾಡುವುದು. ಕಣ್ಣು ಮುಚ್ಚಿದ್ದರೆ ಏಳುವುದು. ಬಾಯಿ ಮುಚ್ಚಿದ್ದರೆ ಮಾತಾಡುವುದು. ಜೈತುನ್ ಎಲ್ಲಕ್ಕೂ ಸೇರಿಸಿ ಒಂದೇ ಉತ್ತರ ಬರೆದಿದ್ದಳು: ‘ಕಾಲ್’. ಅಂದರೆ ಕರೆಯುವುದು. ವನಮಾಲಾ ಕೆಂಪು ಶಾಯಿಯಲ್ಲಿ ತಪ್ಪು ಗುರುತು ಹಾಕಿದರು. ಹುಡುಗಿ ತನ್ನ ಅಜ್ಜಿಯನ್ನು ಮುಂದಿಟ್ಟುಕೊಂಡು ವಾದಕ್ಕೆ ನಿಂತಳು.

“ನಮ್ಮ ದಾದಿ ಮುಚ್ಚಿದ ಡಬ್ಬಿ ನಾ ಹ್ಯಾಂಗ ತಗೀಲ್ರಿ ಅಕ್ಕಾರ? ಮೊದಲ ಅಕಿನ್ನ ಕರೀಬೇಕಲ್ರಿ. ಅಕಿ ಬಂದ್ರ ಮುಗೀತು, ತಗದಂಗ.”

“ಕರೆದ್ರೂ ಬರ್ದೆ ಇದ್ರೆ?”

“ಹಂಗಾರ ಸರಿ ಕರದಿಲ್ಲ ಅಂದಂಗಾತ್ರಿ.”

ಹಿಂದಿನ ಸಾಲಿನಿಂದ ಯಾರೋ, “ಅಕ್ಕಾರ, ಅಕಿ ದಾದಿ ಹೆಸರಿಗಿಂತ ಜಿಲೇಬಿ ಹೆಸರು ಹೇಳಿ ಕರದ್ರ ಲಗೂನ ಬರ್ತಾಳ್ರಿ” ಎಂದು ಸೇರಿಸಿದ್ದರಿಂದ ಪಾಠ ಅಲ್ಲಿಗೆ ನಿಂತಿತು. ವನಮಾಲಾ ಎರಡೂ ಕ್ರಿಯೆಗಳನ್ನು ಬಳಸಿ ಐದು ವಾಕ್ಯ ಬರೆದು ತರಲು ಹೇಳಿದರು. ನನ್ನ ಮುಂದೆ ಇಟ್ಟದ್ದು ಜೈತುನ್ ಬರೆದು ತಂದ ಪುಸ್ತಕ. “ನಿಮ್ಮ ಮಕ್ಕಳ ಅಂಕಣಕ್ಕೆ ಆಗುತ್ತಾ ನೋಡಿ. ಇಂಗ್ಲಿಷ್ ಸ್ವಲ್ಪ ತಪ್ಪಿದೆ, ನಾನು ತಿದ್ದಿಲ್ಲ” ಎಂದರು. ಮೊದಲ ನಾಲ್ಕು ವಾಕ್ಯಗಳು ಡಬ್ಬಿ, ಅಂಗಡಿ, ಅಜ್ಜಿಯ ಬಗ್ಗೆ ಇದ್ದವು. ಐದನೆಯದು ಒಂದೇ ವಾಕ್ಯವಾಗಿರಲಿಲ್ಲ. ಕನ್ನಡದಲ್ಲಿ ಅದರ ಅರ್ಥ ಇಷ್ಟು: ‘ಗದಿಗೆಪ್ಪ ಮಾಸ್ತರರು ಶಾಲೆ ಮುಚ್ಚಿದರು. ಯಾರೂ ಸರಿಯಾಗಿ ಕರೆಯಲಿಲ್ಲ. ಆದ್ದರಿಂದ ಏಪ್ರಿಲ್‌ನಿಂದ ನಾನು ಮನೆಯಲ್ಲಿ ಇರುತ್ತೇನೆ.’

“ನಿಮ್ಮ ಪತ್ರಿಕೆಯ ಹಳೇ ಸಂಚಿಕೆಗಳನ್ನ ಓದಿದೆ” ಎಂದರು ವನಮಾಲಾ. “ಆ ವರದಿ ಬರೆದವರು ಯಾರು?”

“ನಾನೇ.”

“ಕೊನೇ ವಾಕ್ಯ ನಿಜವಾ?”

ಯಾರೂ ಈವರೆಗೆ ಈ ಪ್ರಶ್ನೆ ಕೇಳಿರಲಿಲ್ಲ. ಅವರು ಉತ್ತರಕ್ಕೆ ಕಾಯಲಿಲ್ಲ. ನೋಟುಪುಸ್ತಕ ಮೇಜಿನ ಮೇಲೆ ಬಿಟ್ಟು ಹೋದರು.

ವಾಕ್ಯ ನಿಜವಾಗಿತ್ತು. ಅದೇ ತೊಂದರೆ. ಹೆಂಚು ಬಿದ್ದದ್ದು ಹನ್ನೊಂದು ಗಂಟೆಗೆ. ನಾನು ಶಾಲೆಗೆ ಹೋದದ್ದು ಹನ್ನೊಂದೂ ಮುಕ್ಕಾಲಿಗೆ. ಆಗ ಮಾಸ್ತರರ ಕುರ್ಚಿ ಖಾಲಿ ಇತ್ತು. ಖಾಲಿ ಕುರ್ಚಿ ನೋಡಿದೆ, ಬರೆದೆ. ಎಲ್ಲಿ ಹೋದರು ಎಂದು ಯಾರನ್ನೂ ಕೇಳಲಿಲ್ಲ. ಸಂಚಿಕೆ ಬಂದ ನಾಲ್ಕನೆಯ ದಿನ ದವಾಖಾನೆಯ ಕಂಪೌಂಡರು ದಾರಿಯಲ್ಲಿ ಸಿಕ್ಕು, ಹುಡುಗಿಯನ್ನು ಕರೆತಂದವರು ಗದಿಗೆಪ್ಪ ಮಾಸ್ತರರೇ ಎಂದೂ, ಹೊಲಿಗೆ ಹಾಕುವಾಗ ಆಕೆಯ ಕೈ ಹಿಡಿದು ಕೂತಿದ್ದರು ಎಂದೂ ಹೇಳಿದರು. ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಅಂದಿನ ಸಂಪಾದಕರಿಗೆ ತೋರಿಸಿದೆ. “ಒಂದು ತಪ್ಪು ಒಪ್ಪಿದ್ರ ಉಳಿದದ್ದೂ ಸುಳ್ಳ ಅಂತಾರ ಮಂದಿ. ಬಿಡು, ಮಾಸ್ತರ್ ಹೆಂಗೂ ಹೋದ್ರಲ್ಲ” ಎಂದರು. ಬಿಟ್ಟೆ. ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು. ಆ ಒಂಬತ್ತು ವರ್ಷವೂ ಬಿಡು ಎನ್ನುವವರು ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಸಾವಂತ್ರಿಯ ಹತ್ತಿರ ಹೋದೆ. ಆಕೆಗೆ ಈಗ ಹತ್ತೊಂಬತ್ತು. ಬಸ್ ನಿಲ್ದಾಣದ ಎದುರು ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾಳೆ. ಎಡ ಹುಬ್ಬಿನ ಮೇಲೆ ಒಂದು ಇಂಚಿನ ಗುರುತು ಇದೆ. ಅಂದು ಏನಾಯಿತು ಎಂದು ಕೇಳಿದೆ. ಆಕೆ ಯಂತ್ರ ನಿಲ್ಲಿಸಿ ನನ್ನನ್ನೇ ನೋಡಿದಳು.

“ಹನ್ನೊಂದು ವರ್ಷ ಆತ್ರಿ ಕಾಕಾ. ಹಣಿ ನಂದು. ಪೇಪರ್‌ನಾಗ ಎಲ್ಲಾರ್ನೂ ಕೇಳಿ ಬರದ್ರಿ. ನನ್ನ ಕೇಳಾಕ ಇವತ್ತ ಬಂದ್ರೇನು?”

“ಹೌದವಾ. ಇವತ್ತ ಬಂದೆ.”

ಆಕೆ ಹೇಳಿದಳು. ಮಾಸ್ತರರು ತಮ್ಮ ಧೋತರದ ಅಂಚು ಹರಿದು ಹಣೆಗೆ ಕಟ್ಟಿದ್ದು, ಸೈಕಲ್ ಮೇಲೆ ಕೂಡಿಸಿಕೊಂಡು ದವಾಖಾನೆಗೆ ಹೋದದ್ದು, ದಾರಿಯುದ್ದಕ್ಕೂ ಏಳರ ಮಗ್ಗಿ ಹೇಳಿಸಿದ್ದು. “ನಿದ್ದಿ ಹತ್ತಬಾರ್ದು ಅಂತ. ಏಳೇಳ್ಲೆ ನಲವತ್ತೊಂಬತ್ತು ಅಂದ್ರ ಈಗೂ ಹಣಿ ಚುರ್ ಅಂತೈತಿ.” ನಾನು ಬರೆದುಕೊಂಡದ್ದನ್ನು ಓದಿ ತೋರಿಸಿದೆ. ಆಕೆ ಸರಿ ಎಂದಳು.

ಆ ಶುಕ್ರವಾರದ ಸಂಚಿಕೆಯ ಮೊದಲ ಪುಟದಲ್ಲಿ, ಹನ್ನೊಂದು ವರ್ಷಗಳ ಹಿಂದೆ ವರದಿ ಬಂದಿದ್ದ ಅದೇ ಜಾಗದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ತಿದ್ದುಪಡಿ ಹಾಕಿದೆ. ಹೆಂಚು ಬಿದ್ದ ಸಮಯ, ಮಾಸ್ತರರು ಹೊರಟ ಸಮಯ, ನಾನು ಹೋದ ಸಮಯ. ನಾನು ಕೇಳದೆ ಬರೆದೆ ಎಂಬುದು. ನಾಲ್ಕನೆಯ ದಿನ ನನಗೆ ತಿಳಿಯಿತು, ತಿಳಿದೂ ಹನ್ನೊಂದು ವರ್ಷ ಪ್ರಕಟಿಸಲಿಲ್ಲ ಎಂಬುದು. ಕೆಳಗೆ ನನ್ನ ಹೆಸರು. ಬೆಳಗಿನ ಹೊತ್ತಿಗೆ ಊರೆಲ್ಲ ಓದಿತ್ತು. ಹಿಟ್ಟಿನ ಗಿರಣಿಯವನು ನನ್ನ ಚೀಲ ತೂಗಿ, ಹಿಟ್ಟು ಬೀಸಿ, ನನ್ನ ಕೈಗೆ ಕೊಡದೆ ಕಟ್ಟೆಯ ಮೇಲೆ ಇಟ್ಟ. ಚಹಾದ ಅಂಗಡಿಯಲ್ಲಿ ಒಬ್ಬರು, “ಸಾಹೇಬ್ರ, ನಮ್ಮಪ್ಪ ಸತ್ತ ಸುದ್ದಿನೂ ನೀವ ಬರದಿದ್ರಿ. ಸತ್ತದ್ದು ಖರೆ ಹೌದಲ್ರಿ?” ಎಂದರು. ಎಲ್ಲರೂ ನಕ್ಕರು. ನಾನೂ ನಗಬೇಕಾಯಿತು.

ಪತ್ರಿಕೆಯ ಒಂದು ಪ್ರತಿ ಹಿಡಿದು ಮಾಸ್ತರರ ಊರಿಗೆ ಹೋದೆ. ಬಸ್ಸಿನಲ್ಲಿ ನಾಲ್ಕು ತಾಸು. ಅವರು ಮಗಳು ನಿಂಬೆಕ್ಕನ ಮನೆಯಲ್ಲಿದ್ದಾರೆ. ಎಪ್ಪತ್ತೆಂಟು ವರ್ಷ. ಪಡಸಾಲೆಯಲ್ಲಿ ಮೊಮ್ಮಕ್ಕಳ ನೋಟುಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದರು. ನಿಂಬೆಕ್ಕ ನನ್ನ ಗುರುತು ಹಿಡಿದು ಒಳಗೆ ಹೋದಳು. ಚಹಾ ಬರಲು ಹೊತ್ತಾಯಿತು. ಮಾಸ್ತರರು ಭೂತಗನ್ನಡಿ ಹಿಡಿದು ತಿದ್ದುಪಡಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಮತ್ತೆ ಮೊದಲಿನಿಂದ ಓದಿದರು. ಆಮೇಲೆ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಒಂದು ಸಾಲಿನ ಕೆಳಗೆ ಗೆರೆ ಎಳೆದರು.

“ಇದು ತಪ್ಪದ.”

“ಯಾವುದ್ರೀ ಗುರುಗಳ?”

“ಸೈಕಲ್ ಹೊಡಕೊಂಡು ಹೋದ್ರು ಅಂತ ಬರದೀ. ನನಗ ಸೈಕಲ್ ಹೊಡಿಯಾಕ ಬರೂದಿಲ್ಲ. ಆಕಿನ್ನ ಸೀಟಿನ ಮ್ಯಾಲ ಕೂಡಿಸಿ ನೂಕಿಕೋತ ಹೋದೆ. ಅದಕ್ಕ ಅಷ್ಟು ಹೊತ್ತಾತು. ಹೊಡಿಯಾಕ ಬರ್ತಿತ್ತಂದ್ರ ನೀ ಬರೂದ್ರಾಗ ತಿರುಗಿ ಬಂದು ಕುರ್ಚಿ ಮ್ಯಾಲ ಕೂತಿರ್ತಿದ್ದೆ.”

ನಾನು ಟಿಪ್ಪಣಿ ಪುಸ್ತಕ ತೆಗೆದು ನೋಡಿದೆ. ಸಾವಂತ್ರಿ ಹೇಳಿದ್ದು ‘ಸೈಕಲ್ ಮೇಲೆ ಕೂಡಿಸಿಕೊಂಡು ಹೋದರು’ ಎಂದು. ‘ಹೊಡೆದುಕೊಂಡು’ ಎಂಬುದು ನಾನು ಸೇರಿಸಿದ್ದು. ಇಪ್ಪತ್ತಾರು ವರ್ಷದ ಅನುಭವ.

“ಮುಂದಿನ ಶುಕ್ರವಾರ ತಿದ್ದತೇನ್ರಿ” ಎಂದೆ.

ಮಾಸ್ತರರು ನಕ್ಕರು. ಒಳಗಿನಿಂದ ನಿಂಬೆಕ್ಕ ಇಣುಕಿ ನೋಡಿದಳು. ಅಪ್ಪ ನಕ್ಕದ್ದು ಅವಳಿಗೆ ಆಶ್ಚರ್ಯವಾಗಿರಬೇಕು. ಚಹಾ ತಕ್ಷಣ ಬಂತು. ನಾನು ಜೈತುನ್‌ಳ ನೋಟುಪುಸ್ತಕ ಕೊಟ್ಟೆ. ಅವರು ಐದೂ ವಾಕ್ಯ ಓದಿದರು. ಕೆಂಪು ಶಾಯಿಯ ತಪ್ಪು ಗುರುತಿನ ಮೇಲೆ ಬೆರಳಿಟ್ಟರು.

“ಈ ಹುಡುಗಿ ಯಾರಕಿ?”

“ಕಲಾಯಿ ಇಮಾಮಸಾಬರ ಮಗಳ್ರಿ.”

“ಇಮಾಮ ನನ್ನ ಕಡೆ ನಾಲ್ಕನೇ ಇಯತ್ತೆತನಾ ಕಲಿತಾನ. ಹಾಜರಿ ಕರದ್ರ ಓ ಅನ್ನಾಂವಲ್ಲ, ನಕ್ಕಬಿಡಾಂವ.” ಪುಸ್ತಕ ಮುಚ್ಚಿ ನನಗೆ ಕೊಟ್ಟರು. ಹೊರಗಿನ ಊರು, ನಾನು ಅದನ್ನು ಸಲೀಸಾಗಿ ತೆರೆದು ನೋಡಿ ಚೀಲಕ್ಕೆ ಹಾಕಿಕೊಂಡೆ. “ನಾ ಬಂದು ಉಪಯೋಗಿಲ್ಲ. ಮುಚ್ಚಿದಾಂವಾ ನಾನಲ್ಲ ಅಂತ ಆವಾಗಿಂದ ಹೇಳಾಕ ಹತ್ತೇನಿ. ಆದ್ರ ನೀ ಬಂದು ಕರದೀ. ಬರ್ತೇನಿ.”

ಮಾರ್ಚ್ ಹತ್ತೊಂಬತ್ತರ ಬುಧವಾರ ಅವರು ಮಗಳ ಜೊತೆ ಬಂದರು. ಶಾಲೆಯ ಮುಂದೆ ಸುಮಾರು ನಾನೂರು ಜನ ಸೇರಿದ್ದರು. ಮಕ್ಕಳನ್ನು ವನಮಾಲಾ ಸಂತೆಕಟ್ಟೆಯಿಂದ ಸಾಲಾಗಿ ಕರೆತಂದರು. ತಗಡಿನ ಪೆಟ್ಟಿಗೆಯನ್ನು ನಾಲ್ವರು ಹೊತ್ತಿದ್ದರು. ಜೈತುನ್ ನಕಾಶೆಯ ಸುರುಳಿಯನ್ನು ಹೆಗಲಿಗೆ ಆನಿಸಿಕೊಂಡಿದ್ದಳು. ಇಮಾಮಸಾಬರು ಕುಲುಮೆ ಬಿಟ್ಟು ಬಂದಿದ್ದರು. ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಮಾಸ್ತರರು ಮೆಟ್ಟಿಲು ಹತ್ತಿ ಬಾಗಿಲಿಗೆ ಬಲಗೈ ಹಚ್ಚಿ ನೂಕಿದರು.

ಬಾಗಿಲು ಅಲುಗಲಿಲ್ಲ.

ಎಡಗೈ ಹಚ್ಚಿದರು. ಎರಡೂ ಕೈ ಹಚ್ಚಿದರು. ನಿಂಬೆಕ್ಕ ಬೆನ್ನಿಗೆ ಆಸರೆ ಕೊಟ್ಟಳು. ಜನರಲ್ಲಿ ಗುಜುಗುಜು ಎದ್ದಿತು. “ವಯಸ್ಸಾತು, ಕೈ ಗುರುತು ಬದಲಾಗಿರಬೇಕು” ಎಂದರೊಬ್ಬರು. “ಕೈ ಗುರುತು ಅಲ್ಲೋ, ಆ ಬಾಗಲಾನ ಅವರ್ನ ಮರತದ” ಎಂದರು ಇನ್ನೊಬ್ಬರು. ಜೈತುನ್ ನಕಾಶೆಯನ್ನು ಕೆಳಗಿಟ್ಟದ್ದನ್ನು ನಾನು ನೋಡಿದೆ. ಇಮಾಮಸಾಬರು ಮಗಳ ಕಡೆ ನೋಡದೆ ನೆಲ ನೋಡಿದರು. ವನಮಾಲಾ ನನ್ನ ಪಕ್ಕದಲ್ಲಿದ್ದರು. ಉಸಿರು ಬಿಟ್ಟದ್ದು ಕೇಳಿಸಿತು. ಮಾಸ್ತರರು ಮಾತ್ರ ಗಾಬರಿಯಾಗಲಿಲ್ಲ. ಧೋತರದ ಚುಂಗಿನಿಂದ ಕೈ ಒರೆಸಿಕೊಂಡು ತಿರುಗಿದರು.

“ಹೇಳಿದ್ದಿಲ್ಲೇನು? ನಾನಲ್ಲ ಅಂತ.” ಅವರ ಕಣ್ಣು ನನ್ನನ್ನು ಹುಡುಕಿತು. “ಏ ತಮ್ಮಾ, ಪುಸ್ತಕ ಕಿಸೇದಾಗ ಇಡು. ಬಾ ಇಲ್ಲೆ.”

ಹನ್ನೊಂದು ವರ್ಷಗಳ ಹಿಂದಿನ ಆ ಸೋಮವಾರ ಮುನ್ನೂರ ಹನ್ನೆರಡು ಮಂದಿ ಈ ಬಾಗಿಲಿಗೆ ಕೈ ಹಚ್ಚಿದ್ದರು. ಆ ಪಟ್ಟಿ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿ ನನ್ನ ಹೆಸರಿಲ್ಲ. ನಾನು ಬರೆದುಕೊಳ್ಳುತ್ತಿದ್ದೆ.

ಮೆಟ್ಟಿಲು ಐದು. ಹತ್ತಿದೆ. ಬಾಗಿಲಿಗೆ ಕೈ ಹಚ್ಚಿದೆ. ನೂಕಬೇಕಾದಷ್ಟು ನೂಕಲೂ ಇಲ್ಲ. ತಿರುಗಣಿ ಒಮ್ಮೆ ಕಿರುಗುಟ್ಟಿತು, ಎರಡು ಕದಗಳೂ ಒಳಗೆ ಸರಿದವು. ಹಳೆಯ ಸುಣ್ಣದ ವಾಸನೆ ಬಂತು. ಆಗ ಗಂಟೆ ಹತ್ತು ಐವತ್ತೆರಡು. ತಿದ್ದುಪಡಿ ಪ್ರಕಟವಾಗುವ ಮೊದಲು ನಾನು ಕೈ ಹಚ್ಚಿದ್ದರೆ ಬಾಗಿಲು ತೆರೆಯುತ್ತಿತ್ತೇ ಎಂದು ಆಮೇಲೆ ಹಲವರು ಕೇಳಿದ್ದಾರೆ. ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯುವುದಿಲ್ಲ. ಹನ್ನೊಂದು ವರ್ಷ ನಾನು ಕೈ ಹಚ್ಚಲಿಲ್ಲ ಎಂಬುದು ಮಾತ್ರ ಗೊತ್ತು.

ಮಕ್ಕಳು ನನ್ನ ಎರಡೂ ಬದಿಯಿಂದ ಒಳಗೆ ನುಗ್ಗಿದರು. ಕತ್ತಲೆಯಿತ್ತು. ಎಂಟು ಕಿಟಕಿಗಳನ್ನೂ ನಾನೇ ತೆರೆಯಬೇಕಾಯಿತು. ಒಂದೊಂದು ಕಿಟಕಿ ತೆರೆದಂತೆ ಮಕ್ಕಳು ಎಣಿಸಿದರು. ಎಂಟನೆಯದಕ್ಕೆ ಕಪ್ಪುಹಲಗೆ ಕಾಣಿಸಿತು. ಅದರ ಮೇಲೆ ಆ ಶನಿವಾರದ ತಾರೀಖು, ಕೆಳಗೆ ಮಾಸ್ತರರ ದುಂಡು ಅಕ್ಷರದಲ್ಲಿ ಒಟ್ಟು ಮಕ್ಕಳು ಐವತ್ತೆರಡು, ಹಾಜರು ಐವತ್ತೊಂದು, ಗೈರು ಒಂದು. ಗೈರಾದವರ ಹೆಸರು ಸಾವಂತ್ರಿ. ಮಾಸ್ತರರು ಹಲಗೆಯ ಮುಂದೆ ನಿಂತು, ಹಿಂದೆ ತಿರುಗದೆ, ಎಂದಿನ ದನಿಯಲ್ಲಿ ಹೆಸರು ಕರೆದರು.

“ಸಾವಂತ್ರಿ.”

ಆಕೆ ಬಾಗಿಲ ಹತ್ತಿರ, ಕೊರಳಲ್ಲಿ ಅಳತೆಯ ಪಟ್ಟಿ ಹಾಕಿಕೊಂಡೇ ನಿಂತಿದ್ದಳು. “ಹಾಜರ್ರೀ ಗುರುಗಳ” ಎಂದಳು. ಮಾಸ್ತರರು ಅಂಗೈಯಿಂದ ಐವತ್ತೊಂದನ್ನು ಅಳಿಸಿ ಐವತ್ತೆರಡು ಬರೆದರು. ಸುಣ್ಣದಕಡ್ಡಿ ಎರಡು ಸಲ ಮುರಿಯಿತು. ಇಮಾಮಸಾಬರು ಕಿಟಕಿಯ ಹೊರಗೆ ನಿಂತು ನಗುತ್ತಿದ್ದರು. ಅವರು ಹಾಗೆಯೇ ಹಾಜರಿ ಹೇಳುವವರು ಎಂದು ಮಾಸ್ತರರು ಮೊದಲೇ ತಿಳಿಸಿದ್ದರು.

ಸಂಜೆ ಐದಕ್ಕೆ ಮುಚ್ಚುವ ಪ್ರಶ್ನೆ ಬಂತು. ಮಾಸ್ತರರು ಒಲ್ಲೆನೆಂದರು: “ನಾ ನಾಳೆ ಹೋಗಾಂವ. ಮುಚ್ಚಿಟ್ಟು ಹೋಗೂದು ಇನ್ನ ಬ್ಯಾಡ.” ಪಂಚಾಯಿತಿಯವರು ಗೌರವಕ್ಕಾಗಿ ನನ್ನನ್ನು ಕೇಳಿದರು. ನಾನು ದೂರ ನಿಂತೆ. ವನಮಾಲಾ ಸ್ವಲ್ಪ ಯೋಚಿಸಿ, ಮಕ್ಕಳನ್ನೆಲ್ಲ ಮೆಟ್ಟಿಲ ಮೇಲೆ ಕರೆದರು. ಕದಗಳ ಮೇಲೆ ಜಾಗ ಸಾಲಲಿಲ್ಲ. ಎತ್ತರದವರು ಮೇಲೆ, ಗಿಡ್ಡವರು ಕೆಳಗೆ, ಒಂದನೇ ಇಯತ್ತೆಯವರು ಕುಕ್ಕರಗಾಲಲ್ಲಿ ಕೂತು ಹೊಸ್ತಿಲ ಹತ್ತಿರ. ವನಮಾಲಾ ಎಣಿಸಿದರು. ಅರವತ್ತಮೂರು. ಕುಂಬಾರ ಓಣಿಯ ಮಾಬವ್ವ ಜ್ವರ ಬಂದು ಮಲಗಿದ್ದಳು.

“ಆಕಿನ್ನ ಬಿಟ್ಟು ಮುಚ್ಚಿದ್ರ ಹ್ಯಾಂಗ್ರೀ ಅಕ್ಕಾರ? ಆಕಿಗೂ ಬೇಕಲ್ರಿ” ಎಂದಳು ಜೈತುನ್.

ಅರವತ್ತಮೂರು ಮಕ್ಕಳು ಬಾಗಿಲಿಗೆ ಕೈ ಹಚ್ಚಿಕೊಂಡೇ ನಿಂತರು. ಇಬ್ಬರು ಹೆಂಗಸರು ಹೋಗಿ ಮಾಬವ್ವನನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಬರುವವರೆಗೆ ಇಪ್ಪತ್ತು ನಿಮಿಷ ಹಿಡಿಯಿತು. ಆಕೆಯ ಬಿಸಿ ಅಂಗೈಯನ್ನು ಜೈತುನ್‌ಳ ಕೈಯ ಪಕ್ಕ ಇಟ್ಟರು. ಬಾಗಿಲು ಮುಚ್ಚಿತು. ವನಮಾಲಾ ಚೀಲದಿಂದ, ನಾನು ಹಿಂದಿರುಗಿಸಿದ್ದ ಜೈತುನ್‌ಳ ನೋಟುಪುಸ್ತಕ ತೆಗೆದು, ಮೆಟ್ಟಿಲ ಮೇಲೆ ಕೂತು, ತಪ್ಪು ಗುರುತನ್ನು ಹೊಡೆದುಹಾಕಿ ಪಕ್ಕದಲ್ಲಿ ಸರಿ ಎಂದು ಬರೆದು ಸಹಿ ಮಾಡಿದರು.

ಮರುದಿನ ವರದಿಗೆಂದು ಒಂಬತ್ತು ಗಂಟೆಗೆ ಹೋದೆ. ಶಾಲೆ ಆಗಲೇ ತೆರೆದಿತ್ತು. ಎಂಟು ಕಿಟಕಿಗಳೂ ತೆರೆದಿದ್ದವು. ಒಳಗೆ ಕಸ ಹೊಡೆದು ನೀರು ಚಿಮುಕಿಸಿದ್ದರು. ಜೈತುನ್ ನಕಾಶೆ ನೇತುಹಾಕಲು ಮೊಳೆ ಹುಡುಕುತ್ತಿದ್ದಳು. ಮಾಸ್ತರರ ಕುರ್ಚಿ ಖಾಲಿ ಇತ್ತು. ನಾನು ಪುಸ್ತಕ ತೆಗೆದೆ, ಮತ್ತೆ ಕಿಸೆಗೆ ಹಾಕಿ, ಮಾಸ್ತರರು ಎಲ್ಲಿ ಎಂದು ಅವಳನ್ನು ಕೇಳಿದೆ.

“ಹಿತ್ತಲದಾಗ ಅದಾರ್ರಿ. ಮಾಬವ್ವಗ ಜ್ವರ ಬಿಟ್ಟಾವು. ಆಕಿಗೆ ಏಳರ ಮಗ್ಗಿ ಹೇಳಸಾಕ ಹತ್ಯಾರ.”

“ಬಾಗಲಾ ತಗದಾವ್ರು ಯಾರವಾ?”

“ಮಾಬವ್ವನ್ರಿ. ಎಲ್ಲಾರ್ಕಿಂತ ಮೊದಲ ಬಂದಿದ್ಲು.”

ಹಿತ್ತಲಿಗೆ ಹೋಗಿ ಮಾಬವ್ವನನ್ನೂ ಕೇಳಿದೆ. ಹೌದು ಎಂದಳು. ಆಮೇಲೆ ಬರೆದುಕೊಂಡೆ.